ಕುಷ್ಟಣ್ಣ ಆರಿಸಿಕೊಟ್ಟ ತಾಳದ ಪೆಟ್ಟಿಗೆ

ಕುಷ್ಟಣ್ಣನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಮರದ ಕೊಡತಿಯ ಪೆಟ್ಟು ಉಳಿಯ ತಲೆಗೆ ಬೀಳುವ ಬದಲು ಬೆರಳಿಗೆ ಬಿದ್ದು ಕಿತ್ತುಹೋದದ್ದು ಮತ್ತೆ ಬರಲೇ ಇಲ್ಲವಂತೆ. ಆ ಬೆರಳು ಒಂದು ಗಳಿಗೆ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಬಸ್ಸಿನ ಕಂಬಿ, ಊಟದೆಲೆಯ ಪಕ್ಕದ ನೆಲ, ಕೊಡೆಯ ಹಿಡಿಕೆ, ಏನು ಸಿಕ್ಕರೂ ಅದರ ಮೇಲೊಂದು ತಾಳ ಶುರುವಾಗುತ್ತಿತ್ತು. ಬಸ್ಸು ನಿಂತರೆ ಬೆರಳೂ ನಿಲ್ಲುತ್ತಿತ್ತು. ಕಂಡಕ್ಟರ್ ಸೀಟಿ ಊದಿದ ಕೂಡಲೇ ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು. ಆ ಬೆರಳನ್ನು ನೆನೆದರೆ ನನಗೆ ಇವತ್ತಿಗೂ ಪ್ರೀತಿ ಬರುತ್ತದೆ, ಅದರ ಬೆನ್ನಿಗೇ ಸಿಟ್ಟೂ ಬರುತ್ತದೆ. ಒಂಬತ್ತು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂದವರು ನನಗೆ ಮೋಸ ಮಾಡಿದರು. ಮೋಸ ಎಂಬುದು ದೊಡ್ಡ ಮಾತಾಯಿತು ಎನ್ನುತ್ತಾಳೆ ನನ್ನ ತಂಗಿ. ಅವಳಿಗೇನು, ಅವಳು ಹಾಡುವವಳಲ್ಲ.

ನಾನು ಬ್ರಹ್ಮಾವರದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಅದರ ಜೊತೆಗೆ ಕರೆದವರ ಮನೆಗೆ ಹೋಗಿ ಹಾಡುವುದೂ ಉಂಟು. ತೊಟ್ಟಿಲು ಹಾಕುವ ಮನೆ, ಮನೆಯೊಕ್ಕಲು, ಮದುವೆಯ ಹಿಂದಿನ ಸಂಜೆ, ಸತ್ಯನಾರಾಯಣ ಪೂಜೆ. ತಂಡ ಎಂದು ಹೇಳಿಕೊಳ್ಳಲು ನಮ್ಮಲ್ಲಿ ಇದ್ದದ್ದು ಇಬ್ಬರೇ: ಹಾರ್ಮೋನಿಯಂ ಮತ್ತು ಹಾಡು ನನ್ನದು, ಡೋಲಕ್ ಕುಷ್ಟಣ್ಣನದು. ೧೯೯೭ರಲ್ಲಿ ನನ್ನ ಮೊದಲಿನ ತಬಲಾದವರು ಮಗನ ಹೋಟೆಲು ನೋಡಿಕೊಳ್ಳಲು ಮುಂಬೈಗೆ ಹೋದಾಗ, ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವರೊಬ್ಬರು ಭಜನೆಗೆ ಚೆನ್ನಾಗಿ ಬಾರಿಸುತ್ತಾರೆಂದು ಯಾರೋ ಹೇಳಿದರು. ಹುಡುಕಿಕೊಂಡು ಹೋದೆ. ಹೊಳೆಯ ದಡದಲ್ಲಿ ಅರ್ಧ ಮುಗಿದ ಮರದ ದೋಣಿಯೊಂದು ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ಅಂಗಿಯಿಲ್ಲದ ಸಣಕಲು ಮನುಷ್ಯರೊಬ್ಬರು, ಹಲಗೆ ಹಲಗೆಯ ನಡುವಿನ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಹುರಿಯನ್ನು ಉಳಿಯಿಂದ ತುರುಕಿ ಕೊಡತಿಯಿಂದ ಬಡಿಯುತ್ತಿದ್ದರು.

ಸಂದು ತುಂಬುವ ಆ ಕೆಲಸ ನೋಡುವುದಕ್ಕಿಂತ ಕೇಳುವುದಕ್ಕೆ ಚಂದ. ದೋಣಿಯ ಈ ಬದಿಗೆ ಒಬ್ಬರಾದರೆ ಆ ಬದಿಗೆ ಇನ್ನೊಬ್ಬರು. ನಡುವೆ ದೋಣಿ ಇರುವುದರಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ. ಇವರ ಪೆಟ್ಟು ಬಿದ್ದ ಮೇಲೆ ಅವರ ಪೆಟ್ಟು ಬೀಳಬೇಕು. ಎರಡೂ ಒಟ್ಟಿಗೆ ಬಿದ್ದರೆ ಹಲಗೆ ಅದುರಿ, ಆಗಷ್ಟೇ ತುಂಬಿದ ಹತ್ತಿ ಸಡಿಲವಾಗುತ್ತದಂತೆ. ಹಾಗಾಗಿ ಇಬ್ಬರೂ ಕಿವಿಯಿಂದಲೇ ಕೆಲಸ ಮಾಡುತ್ತಾರೆ. ಒಂದು ಪೆಟ್ಟು ಹಾಕಿದ ಮೇಲೆ ಕುಷ್ಟಣ್ಣ ತಲೆಯನ್ನು ಹಲಗೆಗೆ ತಾಗಿಸಿ, ಸದ್ದು ಪೂರ್ತಿ ಅಡಗುವ ತನಕ ಕೇಳುತ್ತಿದ್ದರು. ಸಂದು ಸರಿಯಾಗಿ ತುಂಬಿದೆಯೋ ಇಲ್ಲವೋ ಎಂಬುದು ಆ ಕೊನೆಯ ಸದ್ದಿನಲ್ಲಿ ತಿಳಿಯುತ್ತದೆ ಎಂದು ಆಮೇಲೆ ಹೇಳಿದರು.

"ಹ್ವಾಯ್, ಎಂತ ಕಾಂತ್ರಿ? ದೋಣಿ ಬೇಕಿತ್ತಾ?" ಎಂದು ಕೆಳಗಿನಿಂದಲೇ ಕೇಳಿದರು.

"ದೋಣಿ ಬ್ಯಾಡ, ಡೋಲಕ್ ಬೇಕ್," ಅಂದೆ.

ನಕ್ಕು ಹೊರಗೆ ಬಂದರು. ತಲೆಕೂದಲ ತುಂಬ ಹತ್ತಿಯ ಎಳೆ. ಡೋಲಕ್ ಎಲ್ಲಿ ಕಲಿತಿರಿ, ಗುರುಗಳು ಯಾರು ಎಂದು ನಾನು ಟೀಚರಿಕೆ ತೋರಿಸಿದೆ. "ಪೆಟ್ಟ್ ಹಾಕುಕೆ ಯಾರಿಗಾರೂ ಬತ್ತ್ ಟೀಚ್ರೆ. ಆಚಿ ಬದಿಯವ್ನ ಪೆಟ್ಟಿಗೆ ಜಾಗ ಬಿಡುಕೆ ಕಲೀಕ್. ಅದನ್ನ್ ಇಲ್ಲೇ ಕಲ್ತೆ," ಎಂದು ದೋಣಿಯನ್ನು ತೋರಿಸಿದರು.

ಅವರು ಹೇಳಿದ್ದು ಬಡಾಯಿಯಲ್ಲ ಎಂದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು. ಸಣ್ಣಂದಿನಿಂದ ನನಗೆ ದಮ್ಮಿನ ತೊಂದರೆ. ತೊಟ್ಟಿಲು ಹಾಕುವ ಮನೆಗಳಲ್ಲಿ ನಾನು ಹಾಡುವ ದೇವರನಾಮವೊಂದಿದೆ, ನಮ್ಮ ಕಡೆ ಎಲ್ಲರೂ ಹಾಡುವಂಥದ್ದೇ. ಆರು ಮಾತ್ರೆಯ ದಾದ್ರಾ ತಾಳ, ತೂಗುವ ನಡೆ. ಅದರ ಮೂರನೇ ನುಡಿಯಲ್ಲಿ ಒಂದು ಉದ್ದನೆಯ ಸಾಲು ಬರುತ್ತದೆ. ಅಲ್ಲಿ ನನ್ನ ಉಸಿರು ಸಾಲುತ್ತಿರಲಿಲ್ಲ. ಹಳೆಯ ತಬಲಾದವರ ಜೊತೆ ಆ ಜಾಗಕ್ಕೆ ಬಂದರೆ ಹೆದರಿಕೆಯಾಗುತ್ತಿತ್ತು, ಒಂದೆರಡು ಅಕ್ಷರ ನುಂಗಿ ದಾಟುತ್ತಿದ್ದೆ. ಕುಷ್ಟಣ್ಣನ ಜೊತೆ ಹೆದರಿಕೆ ಯಾವಾಗ ಹೋಯಿತು ಎಂದೇ ನೆನಪಿಲ್ಲ. ಒಂದು ದಿನ ಕೋಟದಲ್ಲಿ ಹಾಡುವಾಗ ಗಮನಿಸಿದೆ: ಸರಿಯಾಗಿ ಆ ಜಾಗದಲ್ಲಿ ಅವರ ಒಂದು ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ನನ್ನ ಉಸಿರು ಒಳಗೆ ಹೋಗುವವರೆಗೆ ಡೋಲಕ್ ಕಾಯುತ್ತಿತ್ತು. ಕೇಳುವವರಿಗೆ ಅದು ತಪ್ಪು ಅನಿಸುತ್ತಿರಲಿಲ್ಲ, ತೊಟ್ಟಿಲು ತುದಿಗೆ ಹೋಗಿ ಒಂದು ಕ್ಷಣ ನಿಂತ ಹಾಗೆ ಕೇಳುತ್ತಿತ್ತು.

"ಎಂತ ಕುಷ್ಟಣ್ಣ, ಅಲ್ಲಿ ತಡ ಮಾಡ್ತ್ರಿ?" ಎಂದು ಬಸ್ಸಿನಲ್ಲಿ ಕೇಳಿದೆ.

"ತಡ ಅಲ್ಲ. ನೀವ್ ಬಪ್ಪಲ್ಲಿವರಿಗೆ ಕಾಯ್ತೆ," ಅಂದು ಕಿಟಕಿಯ ಕಂಬಿಯ ಮೇಲೆ ಬೆರಳು ಆಡಿಸುತ್ತಾ ಕೂತರು. ನನ್ನ ಮನೆಯವರಿಗೂ ನನ್ನ ಉಸಿರು ಇಷ್ಟು ಚೆನ್ನಾಗಿ ಗೊತ್ತಿರಲಿಲ್ಲ.

ಹಾಗೆಂದು ಅವರು ದೇವರಂಥವರೇನೂ ಅಲ್ಲ. ಅವರ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ಜಗಳಕ್ಕೆ ಟಿಕೆಟು ತೆಗೆದ ಹಾಗೆ. ಡೋಲಕನ್ನು ಟಾಪಿಗೆ ಹಾಕಿ ಎಂದು ಕಂಡಕ್ಟರ್ ಹೇಳಿದರೆ, "ಟಾಪಿಗೆ ಹಾಕುಕೆ ಇದೆಂತ ಅಕ್ಕಿ ಮುಡಿಯಾ?" ಎಂದು ಶುರುಮಾಡುತ್ತಿದ್ದರು. ಮಡಿಲಲ್ಲಿ ಇಟ್ಟುಕೊಂಡರೆ ಪಕ್ಕದವರಿಗೆ ಜಾಗವಿಲ್ಲ, ದಾರಿಯಲ್ಲಿ ಇಟ್ಟರೆ ಮೀನುಬುಟ್ಟಿಯವರ ಬೈಗುಳ. ಹಾರ್ಮೋನಿಯಂ ಹಿಡಿದುಕೊಂಡು ನಾನು ಎಲ್ಲರ ಕ್ಷಮೆ ಕೇಳುತ್ತಾ ನಿಲ್ಲಬೇಕು. ಇನ್ನು ದೋಣಿ ನೀರಿಗಿಳಿಸುವ ದಿನ ಬಂದರೆ ಕುಷ್ಟಣ್ಣ ನನ್ನವರಲ್ಲ, ಹೊಳೆಯವರು.

ಗುಲ್ವಾಡಿಯಲ್ಲಿ ಹಾಗೆಯೇ ಆಯಿತು. ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತು ಹನ್ನೊಂದು ಗಂಟೆಗೆ ಎಂದು ಹತ್ತು ಸಲ ಹೇಳಿದ್ದೆ. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು, ಇವರ ಸುಳಿವಿಲ್ಲ. ತಾಳವಿಲ್ಲದೆ ಮೂರು ಹಾಡು ಹೇಳಿದೆ. ಮನೆಯ ಹಿರಿಯ ಹೆಂಗಸೊಬ್ಬರು, "ಪಾಪ, ಈ ಹೆಣ್ಮಗಳಿಗೆ ಜನ ಸಿಕ್ಕುದಿಲ್ಲೆ ಕಾಂತ್," ಎಂದದ್ದು ನನ್ನ ಕಿವಿಗೇ ಬಿತ್ತು. ಹನ್ನೆರಡರ ಮೇಲೆ ಸೊಂಟದವರೆಗೆ ಒದ್ದೆಯಾಗಿ, ಬೆರಳಿಗೆಲ್ಲ ಎಣ್ಣೆ ಮೆತ್ತಿಕೊಂಡು ಕುಷ್ಟಣ್ಣ ಬಂದರು. "ಉಬ್ಬರ ನನ್ನ್ ಮಾತ್ ಕೇಂತಾ ಟೀಚ್ರೆ? ನೀರ್ ಬಂದಾಗ್ಳೇ ದೋಣಿ ಇಳಿಸ್ಕ್," ಅಂದರು. ಆಮೇಲೆ ಕೂತು ಎಂಥಾ ದಾದ್ರಾ ಬಾರಿಸಿದರೆಂದರೆ ಪಾಪ ಎಂದ ಹೆಂಗಸೇ ಎದ್ದು ಬಂದು ಇನ್ನೊಂದು ಹಾಡಿ ಎಂದರು. ಎಲ್ಲರೂ ಅವರನ್ನು ಕ್ಷಮಿಸಿದರು. ನಾನು ಕ್ಷಮಿಸಲಿಲ್ಲ. ಆ ಪಾಪ ಎಂಬ ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಇನ್ನೊಬ್ಬರನ್ನು ಕಾಯದೆ ಒಬ್ಬಳೇ ಹೋಗಿ ಹಾಡಿಬರುವ ದಾರಿ ಇದ್ದರೆ ಎಷ್ಟು ಚೆನ್ನ ಎಂಬ ಯೋಚನೆ ಅಲ್ಲಿಂದ ಹುಟ್ಟಿದ್ದು.

ಇದಾಗಿ ಒಂದೆರಡು ವರ್ಷಕ್ಕೆ ಕುಷ್ಟಣ್ಣನ ಬಲಭುಜ ನೋಯತೊಡಗಿತು. ಮೂವತ್ತು ವರ್ಷ ಕೊಡತಿ ಎತ್ತಿದ ಭುಜ. ಆ ಹೊತ್ತಿಗೆ ಊರೂರಿನ ರಸಮಂಜರಿಗಳಲ್ಲಿ ಡ್ರಮ್ಮಿನ ಬದಲು ಗುಂಡಿಗಳಿದ್ದ ಪೆಟ್ಟಿಗೆ ಬಂದಿತ್ತು. ಗುಂಡಿ ಒತ್ತಿ ಒಂದೊಂದೇ ಪೆಟ್ಟನ್ನು ಅದರೊಳಗೆ ತುಂಬಿಸಿಟ್ಟರೆ, ಬೇಕೆಂದಾಗ ಅದೇ ತಾಳ ತಾನಾಗಿ ಬಾರಿಸುತ್ತದೆ. "ಸಣ್ಣದೊಂದ್ ಸಿಕ್ರೆ ಕಾಂಬ ಟೀಚ್ರೆ. ನನ್ನ್ ಹೆಗ್ಲಿಗೂ ಒಂಚೂರ್ ಸುಖ, ಕಂಡಕ್ಟರಿಗೂ ಸುಖ," ಎಂದು ಮಾತು ತೆಗೆದವರು ಅವರೇ. ನಾನು ಯೋಚಿಸಿದವಳ ಹಾಗೆ ಒಂದು ದಿನ ಬಿಟ್ಟು ಆಗಲಿ ಅಂದೆ.

ಕುಂದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ವಾದ್ಯದ ಅಂಗಡಿಗೆ ಹೋದೆವು. ಬಸ್ಸಿನಲ್ಲಿಡೀ ಕುಷ್ಟಣ್ಣ ತಮ್ಮ ಷರತ್ತುಗಳನ್ನು ಹೇಳುತ್ತಲೇ ಇದ್ದರು. ಅದು ಮಡಿಲಲ್ಲಿ ಕೂರಬೇಕು, ಮಳೆ ಬಂದರೆ ಸೆರಗಿನ ಅಡಿಗೆ ಹಿಡಿಸಬೇಕು. ಗೂಡಂಗಡಿಯಲ್ಲಿ ಸಿಗುವ ಟಾರ್ಚಿನ ಬ್ಯಾಟರಿಯಲ್ಲಿ ನಡೆಯಬೇಕು, ಏಕೆಂದರೆ ನಮ್ಮ ಕಡೆ ಆರತಿಯ ಹೊತ್ತಿಗೇ ಕರೆಂಟು ಹೋಗುವುದು. ಅವರ ಬೆರಳಿಗೆ ಒಂದು ಗುಂಡಿ ಒತ್ತಿದರೆ ಪಕ್ಕದ್ದೂ ಒತ್ತಿಹೋಗಬಾರದು. ಎಲ್ಲಕ್ಕಿಂತ ಮುಖ್ಯ, ಓಡುವ ಬಸ್ಸಿನಲ್ಲಿ ಕೂತು ಅದರಲ್ಲಿ ತಾಳ ಕಟ್ಟಲಿಕ್ಕಾಗಬೇಕು. "ನಂಗೆ ಎಲ್ಲಾ ತಾಳ ಹೊಳುದು ಬಸ್ಸಲ್ಲೇ ಅಲ್ದಾ?"

ಅಂಗಡಿಯವರು ಮೂರು ಪೆಟ್ಟಿಗೆ ತಂದಿಟ್ಟರು. ಒಂದು ತಟ್ಟೆಯಷ್ಟು ಅಗಲ, ಗೋಡೆಯ ಕರೆಂಟು ಇಲ್ಲದೆ ನಡೆಯುವುದಿಲ್ಲ. ಅದನ್ನು ಕುಷ್ಟಣ್ಣ ಮುಟ್ಟಲೇ ಇಲ್ಲ. ಎರಡನೆಯದು ಹೊಚ್ಚ ಹೊಸದು, ಪಂಚಾಂಗದಷ್ಟೇ ದೊಡ್ಡದು, ಹದಿನಾರು ಗುಂಡಿ, ಒಂದಾದ ಮೇಲೊಂದು ಹತ್ತುವ ಕೆಂಪು ದೀಪ. ಮೂರನೆಯದು ಯಾರೋ ಮುಂಬೈಯಿಂದ ತಂದು ಮಾರಿದ ಹಳೆಯ ಪೆಟ್ಟಿಗೆ. ಬೂದುಬಣ್ಣ, ಒಂದು ಮೂಲೆ ನುಗ್ಗಾಗಿತ್ತು. ಕುಷ್ಟಣ್ಣ ಎರಡೂ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಈ ಮೂರನೆಯದರ ಮುಂದೆ ಕೂತರು. ಅರ್ಧ ಗಂಟೆಯಾದರೂ ಏಳಲಿಲ್ಲ. ನಡುವೆ ಒಮ್ಮೆ ಹೆಡ್‌ಫೋನು ತೆಗೆದು, "ಟೀಚ್ರೆ, ಇದ್ ಆರ್ ಎಣಿಸ್ತ್, ಏಳೂ ಎಣಿಸ್ತ್! ಬೇಕಾದ್ರೆ ಒಂದ್ ಪೆಟ್ಟ್ ಹಿಂದ್ ಜಗ್ಗುಕೂ ಆತ್ತ್!" ಎಂದರು. ಆ ಸಂತೋಷವನ್ನು ನಾನು ಅವರ ಮುಖದಲ್ಲಿ ಅದಕ್ಕಿಂತ ಮೊದಲು ನೋಡಿರಲಿಲ್ಲ. ಮತ್ತೆ ಕಿವಿ ಮುಚ್ಚಿಕೊಂಡು, ಕಣ್ಣನ್ನೂ ಮುಚ್ಚಿಕೊಂಡರು.

ಆಗ ನಾನು ಅಂಗಡಿಯವರನ್ನು ಮೆಲ್ಲಗೆ ಒಂದು ಮಾತು ಕೇಳಿದೆ. "ಇದ್ ಒಂದಿದ್ರೆ ಒಬ್ಳೇ ಹೋಪುಕಾತ್ತಾ? ಬಾರ್ಸುಕೆ ಮತ್ತೊಬ್ರ್ ಬ್ಯಾಡ ಅಲ್ದಾ?"

"ಮತ್ತೆಂತಕ್ಕೆ ಮಾರ್ರೆ ಜನ ಇದನ್ನ್ ತಕಂಬ್ದ್?" ಎಂದು ಅವರು ನಕ್ಕರು.

ಸ್ವಲ್ಪ ಹೊತ್ತಿನಲ್ಲಿ ಕುಷ್ಟಣ್ಣ ಎದ್ದು, ಬಸ್ಸಿನಲ್ಲಿ ಕೂತು ನೋಡದೆ ಆರಿಸುವುದಿಲ್ಲ ಎಂದು ಹಟ ಹಿಡಿದರು. ಅಂಗಡಿಯವರು ಇಂಥ ಗಿರಾಕಿಯನ್ನು ನೋಡಿರಲಿಕ್ಕಿಲ್ಲ. ಕೊನೆಗೆ ತಂದಿದ್ದ ಡೋಲಕನ್ನು ಅಡವಿಟ್ಟು, ಜೊತೆಗೆ ನನ್ನನ್ನೂ ಅಡವಿಟ್ಟ ಹಾಗೆ ಸ್ಟೂಲಿನ ಮೇಲೆ ಕೂರಿಸಿ, ಎರಡು ಸಣ್ಣ ಪೆಟ್ಟಿಗೆಗಳನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ಹೆಮ್ಮಾಡಿಯ ಬಸ್ಸು ಹತ್ತಿದರು. ಒಂದು ಗಂಟೆಯ ಮೇಲೆ ವಾಪಸು ಬಂದರು. ಹೊಸ ಕೆಂಪು ದೀಪದ್ದನ್ನು ನನ್ನ ಕೈಗೆ ಕೊಟ್ಟು, "ಇದೇ ಸಾಕ್. ಆ ಹಳತ್ ಬಸ್ಸಿನ ಕುಲುಕಿಗೆ ತಡೂದಿಲ್ಲೆ," ಅಂದರು. ನನಗೆ ಮಿಷನ್ನಿನ ವಿಷಯ ಏನೂ ಗೊತ್ತಿರಲಿಲ್ಲ, ಅವರ ಕಿವಿ ಗೊತ್ತಿತ್ತು. ಮರುಮಾತಾಡದೆ ಅದನ್ನೇ ತೆಗೆದುಕೊಂಡೆ. ಬ್ರಹ್ಮಾವರದವರೆಗೆ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಭುಜ ನೋಯುತ್ತಿರಬೇಕು ಅಂದುಕೊಂಡೆ.

ಆ ಪೆಟ್ಟಿಗೆಗೆ ಹದಿನಾರೇ ಮನೆ. ನಾಲ್ಕು, ಎಂಟು, ಹದಿನಾರು ಬಿಟ್ಟರೆ ಬೇರೆ ಲೆಕ್ಕ ಬರುವುದಿಲ್ಲ. ಆರರ ದಾದ್ರಾ ಅದಕ್ಕೆ ಗೊತ್ತೇ ಇಲ್ಲ, ಕಾಯುವುದಂತೂ ದೂರದ ಮಾತು. ಒಂದು ಮನೆಯೊಕ್ಕಲಿನಲ್ಲಿ ಅದನ್ನು ಮೊದಲ ಸಲ ಹಚ್ಚಿದಾಗ, ಉಸಿರು ತೆಗೆದುಕೊಳ್ಳಲು ನಾನು ಒಂದು ಕ್ಷಣ ತಡೆದೆ. ಅದು ನನ್ನನ್ನು ಬಿಟ್ಟು ಮುಂದೆ ಹೋಗಿಯೇಬಿಟ್ಟಿತು. ಅರ್ಧ ಸಾಲು ಹಿಂದೆ ಬಿದ್ದು ಬೆವರುತ್ತಿದ್ದೆ. ಪಕ್ಕದಲ್ಲಿದ್ದ ಕುಷ್ಟಣ್ಣ ಪೆಟ್ಟಿಗೆಯ ಸದ್ದನ್ನು ಮೆಲ್ಲಗೆ ತಗ್ಗಿಸಿ, ಮಣೆಯ ಮೇಲೆ ಆ ಉಗುರಿಲ್ಲದ ಬೆರಳಿನಿಂದ ಬಾರಿಸುತ್ತಾ ನನ್ನನ್ನು ಕೈಹಿಡಿದ ಹಾಗೆ ದಾರಿಗೆ ತಂದರು. ಬಸ್ಸಿನಲ್ಲಿ ನನಗೆ ಅಳುವೇ ಬಂತು. "ನೀವಿಲ್ದಿದ್ರೆ ಇವತ್ತ್ ನನ್ನ್ ಮರ್ಯಾದಿ ಹೋಯ್ತಿತ್ತ್ ಕುಷ್ಟಣ್ಣ," ಅಂದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು, ಏನೋ ಹೇಳುತ್ತಾರೆ ಅಂದುಕೊಂಡೆ. "ಎಂಟರದ್ದ್ ಅದ್ ಬಾರಿಸ್ಲಿ, ಆರರದ್ದ್ ನಾನ್ ಬಾರಿಸ್ತೆ," ಎಂದಷ್ಟೇ ಹೇಳಿದರು. ಒಬ್ಬಳೇ ಹೋಗುವ ಯೋಚನೆಯನ್ನು ನಾನು ಅಂದೇ ಬಿಟ್ಟುಬಿಟ್ಟೆ. ಬಿಟ್ಟೆ ಎಂದು ಅವರಿಗೆ ಹೇಳಲಿಲ್ಲ. ಅಂಥ ಯೋಚನೆ ಇತ್ತೆಂದೇ ಹೇಳಿರಲಿಲ್ಲವಲ್ಲ.

ಹೀಗೆ ಇನ್ನೂ ಐದು ವರ್ಷ ನಡೆಯಿತು. ಒಂದೇ ಕೊಡೆಯಡಿ ಬಸ್ಸಿಗೆ ಓಡಿದ್ದೇವೆ, ಶಿರೂರಿನಿಂದ ಬ್ರಹ್ಮಾವರದವರೆಗೆ ನಿಂತುಕೊಂಡೇ ಬಂದಿದ್ದೇವೆ. ೨೦೦೬ರಲ್ಲಿ ಅವರ ಭುಜ ಮೇಲೇಳದೇ ಹೋಯಿತು. "ಇನ್ನ್ ಆಪ್ದಿಲ್ಲೆ ಟೀಚ್ರೆ," ಎಂದು ಹೇಳಿ ಮನೆಯಲ್ಲಿ ಕೂತರು. ಆಮೇಲೆ ನಾನೂ ಕೆಂಪು ದೀಪದ ಪೆಟ್ಟಿಗೆಯೂ ಇಬ್ಬರೇ. ಅದಕ್ಕೆ ಎಣಿಸಲು ಬರುವ ಹಾಡುಗಳನ್ನು ಮಾತ್ರ ಹಾಡತೊಡಗಿದೆ. ದಾದ್ರಾದ ಹಾಡುಗಳನ್ನೆಲ್ಲ ಬಿಟ್ಟೆ. ತೊಟ್ಟಿಲು ಹಾಕುವ ಮನೆಗೆ ಹೋಗಿ ತೊಟ್ಟಿಲ ದೇವರನಾಮ ಹಾಡದೆ ಬರುವುದೆಂದರೆ ಹೇಗಿರುತ್ತದೆ ಹೇಳಿ. ಕೇಳಿದವರಿಗೆ ಗಂಟಲು ಸರಿಯಿಲ್ಲ ಎಂದು ಸುಳ್ಳು ಹೇಳುತ್ತಿದ್ದೆ. ನನ್ನ ಹಾಡಿನ ಅರ್ಧವೇ ಕಳೆದುಹೋದ ಹಾಗಿತ್ತು, ಆದರೂ ಮಿಷನ್ನುಗಳೆಂದರೆ ಇಷ್ಟೇ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಮೂರು ವರ್ಷದ ಮೇಲೆ ಬೈಂದೂರಿನಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಹಾಡಲಿಕ್ಕಲ್ಲ, ಊಟಕ್ಕೆ. ಎಲೆಯ ಮುಂದೆ ಕೂತು ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತಿದ್ದಾಗ ಸಭೆಯ ಕಡೆಯಿಂದ ದಾದ್ರಾ ಕೇಳಿತು. ಕೇಳಿದ ಕೂಡಲೇ ಕುಷ್ಟಣ್ಣ ಬಂದಿದ್ದಾರೆ ಅಂದುಕೊಂಡೆ, ಖುಷಿಯೂ ಆಯಿತು. ಅದೇ ದೇವರನಾಮ. ಮೂರನೇ ನುಡಿ ಬಂತು, ಆ ಉದ್ದನೆಯ ಸಾಲು ಬಂತು. ಆ ಜಾಗದಲ್ಲಿ ಒಂದು ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬಿತ್ತು. ಹಾಡುತ್ತಿದ್ದ ಗಂಡಸಿಗೆ ಅಲ್ಲಿ ಉಸಿರು ಬೇಕಿರಲಿಲ್ಲ, ತಾಳ ಮಾತ್ರ ಕಾದಿತ್ತು. ನಾನು ಅರ್ಧ ಊಟದಲ್ಲೇ ಎದ್ದು ಕೈತೊಳೆದು ಓಡಿದೆ.

ಸ್ಟೇಜಿನ ಮೇಲೆ ಕುಷ್ಟಣ್ಣ ಇರಲಿಲ್ಲ. ಹಾಡುವವನೊಬ್ಬನೇ, ಬೈಂದೂರಿನ ಸುರೇಂದ್ರನಂತೆ. ಅವನ ಎದುರಿನ ಸ್ಟೂಲಿನ ಮೇಲೆ ಬೂದುಬಣ್ಣದ, ಮೂಲೆ ನುಗ್ಗಾದ ಹಳೆಯ ಪೆಟ್ಟಿಗೆ. ಹಾಡು ಮುಗಿದ ಮೇಲೆ ಎಲ್ಲಿಯದು ಎಂದು ಕೇಳಿದೆ. "ಹಂಗಾರಕಟ್ಟೆ ಕುಷ್ಟಣ್ಣ ಕೊಟ್ಟದ್ದ್ ಅಕ್ಕ," ಎಂದು ಪಾಪದವ ಹೆಮ್ಮೆಯಿಂದ ಹೇಳಿದ. "ಒಂದ್ ವರ್ಷ ಆಯ್ತ್. ನಲ್ವತ್ತ್ ಹಾಡಿನ್ ತಾಳ ಎಲ್ಲಾ ಅವ್ರೇ ತುಂಬ್ಸಿ ಇಟ್ಟಿದ್ರ್." ಹಾಡುಗಳ ಪಟ್ಟಿ ತೋರಿಸಿದ. ನಲವತ್ತೂ ನನ್ನವು, ನಾನು ಹಾಡುತ್ತಿದ್ದ ಕ್ರಮದಲ್ಲೇ ಇದ್ದವು.

ಮಾರನೆಯ ದಿನವೇ ಹಂಗಾರಕಟ್ಟೆಗೆ ಹೋದೆ. ಮರದ ದೋಣಿ ಕಟ್ಟಿಸುವವರು ಕಡಿಮೆಯಾಗಿ ಹೊಳೆಯ ದಡ ಖಾಲಿಯಾಗಿತ್ತು. ಕುಷ್ಟಣ್ಣ ಜಗಲಿಯಲ್ಲಿ ಕೂತು, ತುಂಬಲು ಯಾವ ದೋಣಿಯ ಸಂದೂ ಇಲ್ಲದಿದ್ದರೂ, ಎಡಗೈಯಿಂದ ತೊಡೆಯ ಮೇಲೆ ಹತ್ತಿಹುರಿ ಹೊಸೆಯುತ್ತಿದ್ದರು. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು.

"ಬೈಂದೂರಿಗ್ ಹೋಯಿದ್ದೆ," ಅಂದೆ.

"ಕೇಂಡ್ರ್ಯಾ?" ಅಂದರು. ಏನನ್ನು, ಯಾರದ್ದನ್ನು ಎಂದು ಕೇಳಲಿಲ್ಲ.

"ಬಸ್ಸಿನ ಕುಲುಕಿಗೆ ತಡೂದಿಲ್ಲೆ ಅಂದಿದ್ರಿ ಅದನ್ನ್."

"ಹೌದ್. ಸುಳ್ಳ್ ಹೇಳ್ದೆ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ. "ಎಂತಕ್ಕೆ?" ಎಂದೆ.

"ಅಂಗ್ಡಿಯಲ್ಲಿ ನೀವ್ ಒಂದ್ ಮಾತ್ ಕೇಂಡ್ರಿ ಕಾಣಿ. ಒಬ್ಳೇ ಹೋಪುಕಾತ್ತಾ ಅಂದೇಳಿ."

"ನಿಮ್ಮ್ ಕಿವಿ ಮೇಲೆ ಹೆಡ್‌ಫೋನ್ ಇದ್ದಿತಲ್ಲ!"

"ಕಿವಿ ಮೇಲ್ ಇದ್ದಿತ್. ಮಿಷನ್ ಬಂದ್ ಮಾಡಿದ್ದೆ. ಪೆಟ್ಟ್ ನಿತ್ತ್ಮೇಲೆ ಸದ್ದ್ ಎಷ್ಟ್ ಹೊತ್ತ್ ಉಳೀತ್ತ್ ಅಂದೇಳಿ ಕೇಂತಾ ಇದ್ದೆ."

ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಗಿಂತ ಸಿಟ್ಟೇ ದೊಡ್ಡದಾಗಿತ್ತು. ಕೇಳಿಸಿಕೊಂಡಿದ್ದರೆ ಅಂದೇ ಬೈಯಬಹುದಿತ್ತಲ್ಲ. ಹೆಮ್ಮಾಡಿಗೆ ಹೋಗಿಬರುವ ಒಂದು ಗಂಟೆಯಲ್ಲಿ ಈ ಮನುಷ್ಯ ಕೂತು ಲೆಕ್ಕ ಹಾಕಿ, ನನಗೆ ಕುಂಟು ಪೆಟ್ಟಿಗೆಯನ್ನು ಆರಿಸಿ ಕೈಗೆ ಕೊಟ್ಟು, ಆಮೇಲೆ ಐದು ವರ್ಷ ಏನೂ ಆಗದವರ ಹಾಗೆ ನನ್ನ ಪಕ್ಕದಲ್ಲೇ ಕೂತು ಬಂದಿದ್ದರು. ನಾನು ಅತ್ತ ದಿನವೂ ಬಾಯಿ ಬಿಡಲಿಲ್ಲ. ಇದನ್ನೆಲ್ಲ ಹೇಳಿದೆ, ಕೂಗಿಯೇ ಹೇಳಿದೆ.

"ಮರು ವಾರವೇ ಹೋಯ್ ಆ ಹಳತನ್ನ್ ತಂದೆ," ಎಂದರು ಕುಷ್ಟಣ್ಣ, ಹುರಿಯಿಂದ ಕಣ್ಣು ತೆಗೆಯದೆ. "ನಿಮ್ ಹಾಡ್ ಎಲ್ಲಾ ಅದ್ರಗೆ ಹಾಕಿಟ್ಟೆ. 'ಕುಷ್ಟಣ್ಣ, ಇನ್ನ್ ನಾನ್ ಒಬ್ಳೇ ಹೋತೆ' ಅಂದೇಳಿ ನೀವ್ ಒಂದ್ ಸರ್ತಿ ಬಾಯ್ಬಿಟ್ಟ್ ಹೇಳಿದ್ರೆ ಅವತ್ತೇ ಕೊಡ್ತಿದ್ದೆ. ಕಾದೆ. ನಾನ್ ಮನೇಲ್ ಕೂತ್ಮೇಲೂ ಎರಡ್ ವರ್ಷ ಕಾದೆ. ನೀವ್ ಈ ಬದಿಗೆ ಬರ್ಲೇ ಇಲ್ಲೆ. ಬೈಂದೂರಿನವ ಬಂದ್ ಬಾಯ್ಬಿಟ್ಟ್ ಕೇಂಡ, ಕೊಟ್ಟೆ."

"ನಾನ್ ಒಬ್ಳೇ ಹೋಪ್ದಿಲ್ಲೆ ಅಂದೇಳಿ ಮನ್ಸ್ ಮಾಡಿದ್ದೆ!"

"ಅದನ್ನೂ ಹೇಳ್ಲಿಲ್ಲೆ ಅಲ್ದಾ ಟೀಚ್ರೆ."

ಅವರು ಹೇಳಿದ್ದು ನಿಜವೋ, ಸಿಕ್ಕಿಬಿದ್ದ ಮೇಲೆ ಹೊಳೆದ ಮಾತೋ ನನಗೆ ಈಗಲೂ ಗೊತ್ತಿಲ್ಲ. ಒಮ್ಮೊಮ್ಮೆ ನಂಬುತ್ತೇನೆ, ಒಮ್ಮೊಮ್ಮೆ ಇಲ್ಲ. ಕೊನೆಗೆ ನಿಜವಾಗಿ ಕೇಳಬೇಕೆಂದಿದ್ದನ್ನು ಕೇಳಿದೆ. "ಆ ಉಸ್ರಿನ ಜಾಗ ಎಂತಕ್ಕೆ ಕೊಟ್ರಿ ಅವ್ನಿಗೆ? ಅದ್ ನಂದ್ ಕುಷ್ಟಣ್ಣ."

ಹೊಸೆಯುತ್ತಿದ್ದ ಕೈ ನಿಂತಿತು. "ಅದನ್ನ್ ತೆಗುಕೆ ಕೂಕಂಡೆ," ಅಂದರು. "ಮನ್ಸ್ ಬರ್ಲಿಲ್ಲೆ."

ನೀರನ್ನೂ ಕುಡಿಯದೆ ಎದ್ದು ಬಂದೆ. ಅಂಗಳ ದಾಟುವಾಗ, "ಹ್ವಾಯ್ ಟೀಚ್ರೆ, ನಾಲ್ಕ್ ಗಂಟಿ ಬಸ್ಸ್ ಇತ್ತ್, ಓಡ್ಬೇಡಿ, ದಮ್ಮ್ ಬತ್ತ್," ಎಂದು ಹಿಂದಿನಿಂದ ಕೂಗಿದರು. ನಾನು ತಿರುಗಿ ನೋಡಲಿಲ್ಲ. ಅದೇ ಕೊನೆ.

ಮೂರು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ. ಮಕ್ಕಳ ಪಾಠವಿದೆ ಎಂದು ತಂಗಿಗೆ ಹೇಳಿದೆ. ಆ ದಿನ ಮಕ್ಕಳಿಗೆ ಎಂಟು ಮಾತ್ರೆಯ ಹಾಡನ್ನೇ ಹೇಳಿಕೊಟ್ಟೆ. ಹೋಗಬೇಕಿತ್ತು ಎಂದು ಈಗ ಅನಿಸುತ್ತದೆ. ಹೋಗಿದ್ದರೂ ಸಿಟ್ಟು ಇಳಿಯುತ್ತಿರಲಿಲ್ಲ ಎಂದೂ ಅನಿಸುತ್ತದೆ.

ಅದರ ಮರುವರ್ಷ ಬೈಂದೂರಿನ ಸುರೇಂದ್ರ ನನ್ನ ಮನೆ ಹುಡುಕಿಕೊಂಡು ಬ್ರಹ್ಮಾವರಕ್ಕೆ ಬಂದ. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಆ ಬೂದು ಪೆಟ್ಟಿಗೆ. "ಟೀಚ್ರೆ, ನೀವ್ ಕುಷ್ಟಣ್ಣನ್ ಜತಿಗ್ ಹಾಡ್ತಿದ್ದವ್ರಂಬ್ರ್. ಈ ಮಿಷನ್ ಒಂದ್ ಜಾಗದಲ್ಲಿ ಹಾಳಾಯಿತ್ತ್. ತೊಟ್ಲ್ ಹಾಡಿನ್ ಮೂರ್ನೇ ನುಡಿಯಲ್ಲಿ ಒಂದ್ ಪೆಟ್ಟ್ ತಡ ಬತ್ತ್. ಜನ ನಾನೇ ತಪ್ಪಿದೆ ಅಂತ್ರ್. ಸರಿ ಮಾಡುಕೆ ನಿಮ್ಗ್ ಬತ್ತಾ?" ಅಂದ.

ಹನ್ನೆರಡು ವರ್ಷದ ಹಿಂದೆ ನನ್ನದಾಗಬೇಕಿದ್ದ ಪೆಟ್ಟಿಗೆಯನ್ನು ಮೊದಲ ಸಲ ಮಡಿಲಲ್ಲಿ ಇಟ್ಟುಕೊಂಡೆ. ಮಡಿಲಿಗೆ ಸರಿಯಾಗಿ ಕೂತಿತು. ಬಲಬದಿಯ ಗುಂಡಿಯೊಂದು ದಪ್ಪ ಬೆರಳಿನಿಂದ ಒತ್ತಿ ಒತ್ತಿ ನುಣ್ಣಗಾಗಿತ್ತು. ಇಷ್ಟು ವರ್ಷ ಇನ್ನೊಂದು ಪೆಟ್ಟಿಗೆಯ ಜೊತೆ ಏಗಿದವಳಿಗೆ ಆ ಪೆಟ್ಟನ್ನು ಹುಡುಕಿ ಸಾಲಿಗೆ ಎಳೆಯುವುದು ಕಷ್ಟವೇನೂ ಅಲ್ಲ. ಹುಡುಕಿಯೂ ಹುಡುಕಿದೆ, ಎರಡು ಸಲ ಕೇಳಿದೆ. ಗುಂಡಿಯ ಮೇಲೆ ಬೆರಳೂ ಇಟ್ಟೆ.

ಸುರೇಂದ್ರ ಕಾಯುತ್ತಿದ್ದ. ಹಚ್ಚಿದ್ದನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ಟವೆಲಿನಲ್ಲಿ ಮತ್ತೆ ಸುತ್ತಿ ಅವನ ಕೈಗೆ ಕೊಟ್ಟೆ.

"ಹಾಳಾಯಿಲ್ಲೆ ಅದ್," ಅಂದೆ. "ಅಲ್ಲಿ ಒಂದ್ ಉಸ್ರ್ ತಕಣಿ."